ಅಣ್ಣನ ಮರದ ಬುಡ

ಹೂವಿನ ಮರದ ಬುಡಕ್ಕೆ ಯಾವ ಗಿಡ ಜೊತೆಯಾಗುತ್ತದೆ ಎಂದು ಹೇಳುವುದರಲ್ಲಿ ನನ್ನನ್ನು ಮೀರಿಸುವವನು ಮೂರು ಲೋಕದಲ್ಲೂ ಇಲ್ಲ. ನಾನು ಗದರಿದರೆ ಒಣಕಡ್ಡಿಯೂ ಚಿಗುರುತ್ತದೆ. ಇದನ್ನು ಒಪ್ಪದೆ ಸತ್ತವನು ನಮ್ಮಣ್ಣ ಒಬ್ಬನೇ. "ಕಾಂಡದಿಂದ ಒಂದು ತೋಳು ದೂರ ನೆಡೋ, ದಡ್ಡ" ಎಂದು ಮೂವತ್ತು ವರ್ಷ ನನ್ನ ಗಿಡಗಳನ್ನು ಕಿತ್ತು ಕಿತ್ತು ಸರಿಸಿದ.

ಅವನು ಹೋದ ಮೇಲೆ ಅತ್ತಿಗೆ ಅವನ ತೋಟವನ್ನೂ ಅಂಗಿಗಳನ್ನೂ ನನಗೆ ಕೊಟ್ಟರು. ಒಂದು ಸಲವಾದರೂ ನನ್ನ ಮಾತು ನಡೆಯಲಿ ಎಂದು, ಅಲ್ಲಿ ಅವನು ಬೆಳೆಸಿದ್ದ ಹೂವಿನ ಮರದ ಕಾಂಡಕ್ಕೇ ಒತ್ತಿ ಆರು ಜರೀಗಿಡ ನೆಟ್ಟೆ. ಬೆಳಿಗ್ಗೆ ನೋಡಿದರೆ ಆರೂ ದೂರ ಸರಿದು ನಿಂತಿದ್ದವು. ಮೈಯೆಲ್ಲ ಉರಿದುಹೋಯಿತು.

"ಅತ್ತಿಗೆ, ಈಗ ನೀವೂ ಶುರು ಮಾಡಿದ್ರಾ?"

"ಕೂತ್ರೆ ಎಬ್ಬಿಸೋಕೆ ಇಬ್ಬರು ಬೇಕು ನಂಗೆ. ನಿನ್ನ ಗಿಡ ಕೀಳ್ತೀನಾ? ಕೂಗಾಡ್ಬೇಡ, ಟೀ ತರ್ತೀನಿ ಇರು."

ಮತ್ತೆ ಕಾಂಡಕ್ಕೇ ಒತ್ತಿ ನೆಟ್ಟೆ. ಗುದ್ದಲಿ ಹಿಡಿದು ಕಾವಲು ಕೂತೆ. ಬಿಸಿಲು ಸುಡುತ್ತಿದ್ದರೂ ಪಾದದಡಿಯ ಮಣ್ಣು ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಒಂದು ಹಕ್ಕಿಯೂ ಕೂಗಲಿಲ್ಲ. ಅತ್ತಿಗೆ ತಂದ ಲೋಟ ತೆಗೆದುಕೊಳ್ಳಲು ತಿರುಗಿದೆ, ಅಷ್ಟೇ.

ಗಿಡಗಳು ಸರಿದಿದ್ದವು. ನಾನು ಆಗತಾನೆ ತೋಡಿದ ಗುಂಡಿಗಳ ಮೇಲೆ ಬಾಡಿದ ಹೂವು ಹಾಸಿಕೊಂಡಿತ್ತು. ಲೋಟ ಅತ್ತಿಗೆಯ ಕೈಯಿಂದ ಜಾರಿತು.

"ಇನ್ನೂ ಬಿಡಲ್ವೇನೋ ನನ್ನ?" ಎಂದು ಮರಕ್ಕೇ ಅರಚಿದೆ. ಅವನ ಅಳತೆಯಲ್ಲಿ ತಪ್ಪು ಹಿಡಿದೇ ತೀರುತ್ತೇನೆಂದು ಭುಜವನ್ನು ಕಾಂಡಕ್ಕೆ ಒತ್ತಿ ತೋಳು ಚಾಚಿ ಅಳೆದೆ. ಗಿಡ ಮುಟ್ಟಲು ನನ್ನ ತೋಳು ನಾಲ್ಕು ಬೆರಳಷ್ಟು ಸಾಲಲಿಲ್ಲ.

ಅಷ್ಟರಲ್ಲಿ, ನಾನು ತೊಟ್ಟಿದ್ದ ಅಣ್ಣನ ಅಂಗಿಯ, ನನಗೆ ಉದ್ದವಾಯಿತೆಂದು ಮಡಿಸಿದ್ದ ತೋಳು ತಾನಾಗಿ ಬಿಚ್ಚಿಕೊಂಡಿತು. ಅದರ ಖಾಲಿ ತುದಿ ಎಲೆಗೆ ಸರಿಯಾಗಿ ತಾಗಿತು.