ಗೋಡೆ ಕಡೆ ತಿರುಗಿಸಿಟ್ಟ ಬೂಟು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಐಸ್ ಹಾಕಿಯ ಬಗ್ಗೆ ನನಗೆ ಗೊತ್ತಿರುವುದು ಗ್ಯಾಲರಿಯಲ್ಲಿ ಕೂತು ಕಂಡಷ್ಟೇ. ಪ್ರೀತಿಯ ಬಗ್ಗೆ ಅದಕ್ಕಿಂತಲೂ ಕಡಿಮೆ. ಸ್ಕೇಟ್‌ಗಳಿಗೆ ಸಾಣೆ ಹಿಡಿಯುವ ತಾಸ್ಯಾ ನನಗೆ ಹೇಳಿದ್ದನ್ನು ಎರಡು ಸಲ ಬರೆದು ಹರಿದುಹಾಕಿ, ಮೂರನೆಯ ಸಲ ಧೈರ್ಯ ಮಾಡಿದ್ದೇನೆ. ಇದರಲ್ಲಿ ತಪ್ಪಿದ್ದರೆ ಅದು ನನ್ನದು, ಅವಳದಲ್ಲ.

"ಇದಕ್ಕೆ ಸಾಣೆ ಹಿಡಿದಿದ್ದು ಯಾರು?"

ರುದ್ಯಾನ್ಸ್ಕ್‌ನ ಕ್ರೀಡಾಂಗಣದ ನೆಲಮಾಳಿಗೆ. ಸಾಣೆ ಕೋಣೆಯ ಬಾಗಿಲು ತುಂಬುವ ಹಾಗೆ ಒಬ್ಬ ನಿಂತಿದ್ದ. ಕೈಯಲ್ಲಿ ಒಂದು ಜೊತೆ ಸ್ಕೇಟ್ ಬೂಟು. ಮೊಣಕಾಲಿನ ಮೇಲೆಲ್ಲಾ ಮಂಜಿನ ಪುಡಿ. ಬಿದ್ದು ಎದ್ದು ಬಂದಿದ್ದಾನೆ ಎಂದು ನೋಡಿದವರಿಗೆ ತಿಳಿಯುತ್ತಿತ್ತು.

ತಾಸ್ಯಾ ಚಕ್ರ ನಿಲ್ಲಿಸಿ, ಕನ್ನಡಕವನ್ನು ಹಣೆಗೇರಿಸಿದಳು.

"ನಾನೇ. ಏನಾಯ್ತು?"

"ಅಲಗು ಮಂಜಿಗೆ ಕಚ್ಚಿಕೊಳ್ತಿದೆ. ಇಪ್ಪತ್ತು ಹುಡುಗರ ಮುಂದೆ ಮುಖ ಅಡಿಯಾಗಿ ಬಿದ್ದೆ. ತಗೊಳ್ಳಿ, ಸರಿ ಮಾಡಿ." ಆತ ಬಾಗಿಲಾಚೆಯಿಂದಲೇ ಬೂಟು ಚಾಚಿದ.

"ಹೊಸಿಲ ಮೇಲಿಂದ ಕೊಡಬೇಡಿ. ಜಗಳ ಆಗುತ್ತೆ. ಒಳಗೆ ಬನ್ನಿ."

"ಆಗಲೇ ಜಗಳ ಆಡ್ತಿದ್ದೀವಲ್ಲ," ಎಂದ ಆತ. ಆದರೂ ತಲೆ ಬಗ್ಗಿಸಿ ಒಳಗೆ ಬಂದ.

ಅವನೇ ರೊದಿಯೊನ್ ಜಾರೊವ್, ಹತ್ತಿರದವರಿಗೆ ರೋದ್ಯಾ. ಇದೇ ಊರಿನ ಹಾಕಿ ಶಾಲೆಯಲ್ಲಿ ಕಲಿತು, ಹದಿನೇಳಕ್ಕೆ ಊರು ಬಿಟ್ಟು, ಆರು ಊರುಗಳ ಆರು ತಂಡಗಳಲ್ಲಿ ಡಿಫೆಂಡರ್ ಆಗಿ ಆಡಿದವನು. ಗೋಲು ಹೊಡೆಯುವವರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಗುಂಡಿನ ಹಾಗೆ ಬರುವ ಪಕ್‌ಗೆ, ಆ ಗಟ್ಟಿ ರಬ್ಬರ್ ಬಿಲ್ಲೆಗೆ, ಅಡ್ಡ ಮಲಗುವವನ ಹೆಸರು ಆ ಪಕ್ ತಾಗಿದಾಗ ಮಾತ್ರ ನೆನಪಾಗುತ್ತದೆ. ಈಗ ಅವನಿಗೆ ಮೂವತ್ತನಾಲ್ಕು. ಕೊನೆಯದೊಂದು ವರ್ಷ ಹುಟ್ಟಿದ ಊರಿನ 'ಲಿತೆಯ್ಷಿಕ್' ತಂಡಕ್ಕೆ ಆಡಲು ವಾಪಸು ಬಂದಿದ್ದ.

ತಾಸ್ಯಾ ಅಲಗನ್ನು ದೀಪಕ್ಕೆ ಹಿಡಿದು ಓರೆಯಾಗಿ ನೋಡಿದಳು. ತಪ್ಪು ತನ್ನದೇ ಇರಬಹುದು ಎಂದುಕೊಂಡಿದ್ದಳು. ಆದರೆ ಕಂಡದ್ದು ಬೇರೆಯೇ.

"ನೀವು ಎಡಗಾಲಿನ ಮೇಲೇ ಭಾರ ಹಾಕ್ತೀರಿ. ಬಲಗಾಲಿಗೆ ಹಿಂದೆ ಯಾವಾಗಲೋ ಪೆಟ್ಟಾಗಿದೆ. ಎರಡೂ ಅಲಗಿಗೆ ಒಂದೇ ಸಾಣೆ ಹಿಡಿದಿದ್ದು ನನ್ನ ತಪ್ಪು. ನೀವು ಹೇಳದೇ ಇದ್ದಿದ್ದು ನಿಮ್ಮ ತಪ್ಪು."

ಜಾರೊವ್ ತನ್ನ ಬಲಗಾಲನ್ನೊಮ್ಮೆ ನೋಡಿಕೊಂಡ.

"ನಿಮ್ಮ ಹೆಸರು?"

"ತೈಸಿಯಾ ಗ್ಲೆಬೊವ್ನಾ."

"ಸಾಣೆಯ ಗ್ಲೆಬ್ ಮಾವನ ಮಗಳಾ? ಹಾಗಾದ್ರೆ ಸರಿ ಬಿಡು, ಗ್ಲೆಬೊವ್ನಾ."

ಅಂದಿನಿಂದ ಅವಳು ಅವನ ಬಾಯಲ್ಲಿ, ವಯಸ್ಸಾದವರನ್ನು ಅಪ್ಪನ ಹೆಸರಿನಿಂದಷ್ಟೇ ಕರೆಯುವ ಹಾಗೆ, ಬರೀ ಗ್ಲೆಬೊವ್ನಾ ಆದಳು. ಮನೆಯವರು ಕರೆಯುವ 'ತಾಸ್ಯಾ' ಅವನಿಗೆ ಬೇಡವಾಯಿತು. ಮೂವತ್ತೊಂದರ ಹೆಂಗಸನ್ನು ಅರವತ್ತರ ಅಜ್ಜಿಯ ಹಾಗೆ ಕರೆಯುತ್ತಾನಲ್ಲ ಎಂದು ಸಿಟ್ಟು ಬರುತ್ತಿತ್ತು. ಕರೆಯದ ದಿನ ಇನ್ನೂ ಹೆಚ್ಚು ಸಿಟ್ಟು ಬರುತ್ತಿತ್ತು...

ಚಳಿಗಾಲವಿಡೀ ಹೀಗೇ ಕಳೆಯಿತು. ಅಭ್ಯಾಸ ಮುಗಿದ ಮೇಲೆ ಆತ ದಾರಕ್ಕೆ ಪೋಣಿಸಿದ ಸುಷ್ಕಿಗಳನ್ನು, ಬಳೆಯಾಕಾರದ ಗಟ್ಟಿ ಬಿಸ್ಕತ್ತುಗಳನ್ನು, ಕೊರಳಿಗೆ ಹಾಕಿಕೊಂಡು ಬರುತ್ತಿದ್ದ. ಇಬ್ಬರೂ ಅದನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ಬಿಟ್ಟುಬಂದ ಊರುಗಳ ಕಥೆ ಹೇಳುತ್ತಿದ್ದ. ಒಂದು ಊರಲ್ಲಿ ಮದುವೆಯಾಗಿತ್ತಂತೆ. ಇನ್ನೊಂದು ಊರಿಗೆ ತಂಡ ಬದಲಾದಾಗ ಹೆಂಡತಿ ಹೊರಡಲಿಲ್ಲವಂತೆ. ಅದನ್ನೂ ಹಳೆಯ ಪಂದ್ಯವೊಂದರ ಅಂಕ ಹೇಳಿದ ಹಾಗೆ ಹೇಳಿದ್ದ.

ಗ್ಯಾಲರಿಯವರು ಮಾತ್ರ ಅವನನ್ನು ಸುಮ್ಮನೆ ಬಿಡಲಿಲ್ಲ. "ಜಾರೊವ್, ಮಂಜು ಒರೆಸೋ ಗಾಡಿ ನಿನ್ನ ದಾಟಿಕೊಂಡು ಹೋಯ್ತು ನೋಡಪ್ಪಾ!" ಎಂದು ಕೂಗುತ್ತಿದ್ದರು. ಆತ ಹೆಲ್ಮೆಟ್ ಎತ್ತಿ ಗಾಡಿಗೆ ನಮಸ್ಕಾರ ಮಾಡುತ್ತಿದ್ದ. ಜನ ನಗುತ್ತಿದ್ದರು. ತಾಸ್ಯಾಳಿಗೆ ನಗು ಬರುತ್ತಿರಲಿಲ್ಲ.

ಮಾರ್ಚ್‌ನಲ್ಲಿ ಲಿತೆಯ್ಷಿಕ್ ಫೈನಲ್‌ಗೆ ಬಂತು. ಊರಿಗೆ ಇದೇ ಮೊದಲು, ಜಾರೊವ್‌ಗೂ ಇದೇ ಮೊದಲು. ಏಳು ಪಂದ್ಯಗಳ ಸರಣಿ, ನಾಲ್ಕು ಗೆದ್ದವರಿಗೆ ಕಪ್. ಆಟಗಾರರ ರೂಢಿಯಂತೆ, ಕಪ್ ತೀರ್ಮಾನವಾಗುವವರೆಗೆ ಯಾರೂ ಗಡ್ಡ ತೆಗೆಯಲಿಲ್ಲ. ಅವನ ಗಡ್ಡದಲ್ಲಿ ಬಿಳಿ ಕೂದಲೂ ಇಣುಕಿತು.

ಮೂರನೆಯ ಪಂದ್ಯದಲ್ಲಿ ಆತ ಪಕ್‌ಗೆ ಬಲಗಾಲು ಒಡ್ಡಿದ. ಎದ್ದ, ಕುಂಟಲಿಲ್ಲ, ಕೊನೆಯವರೆಗೂ ಆಡಿದ.

ಮರುದಿನ ಬೆಳಿಗ್ಗೆ ಸಾಣೆ ಕೋಣೆಗೆ ಬಂದು ಬಾಗಿಲು ಮುಚ್ಚಿದ. ಬಲಗಾಲಿನ ಬೂಟನ್ನು ಅವಳ ಮೇಜಿನ ಮೇಲಿಟ್ಟು, ಹೊರಮೈಯ ಮೇಲೆ ಬೆರಳಿಟ್ಟು ತೋರಿಸಿದ.

"ಇಲ್ಲಿ ಹಿಗ್ಗಿಸಬೇಕು. ಒಂದು ಬೆರಳಷ್ಟು."

ಬಿಗಿಯಾದ ಬೂಟನ್ನು ಕಾಯಿಸಿ, ಒತ್ತುಯಂತ್ರಕ್ಕೆ ಕೊಟ್ಟು ಹಿಗ್ಗಿಸುವುದು ಅವಳ ಕೆಲಸವೇ. ಆದರೆ ನಿನ್ನೆಯವರೆಗೆ ಸರಿಯಿದ್ದ ಬೂಟು ಇವತ್ತು ಬಿಗಿಯಾಗಿದೆ ಎಂದರೆ ಬದಲಾಗಿರುವುದು ಬೂಟಲ್ಲ...

"ಮುರಿದಿದೆಯಾ?"

"ಊದಿದೆ, ಅಷ್ಟೇ."

"ಡಾಕ್ಟರಿಗೆ ತೋರಿಸು."

"ತೋರಿಸಿದ ತಕ್ಷಣ ಪಟ್ಟಿಯಿಂದ ಹೆಸರು ತೆಗೀತಾರೆ. ಹದಿನೇಳು ವರ್ಷ ಕಾದಿದ್ದೀನಿ, ಗ್ಲೆಬೊವ್ನಾ. ಇನ್ನೊಂದು ನಾಲ್ಕು ಆಟ. ಆಮೇಲೆ ಈ ಕಾಲು ಏನು ಬೇಕಾದ್ರೂ ಆಗಲಿ."

ಬೇಡ ಎನ್ನಬೇಕಿತ್ತು. ಅವಳ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಅವನ ಕಣ್ಣು ನೋಡಿದಳು. ಕಾಯಿಸುವ ಪೆಟ್ಟಿಗೆಯ ಸ್ವಿಚ್ ಹಾಕಿದಳು.

ಹಿಗ್ಗಿಸಿದ ಬೂಟಿನ ಮೈಮೇಲೆ ಚಿಕ್ಕ ಗುಬುಟು ಎದ್ದಿತು. ಬಹಳ ಅಚ್ಚುಕಟ್ಟಾದ ಕೆಲಸ. ಅಪ್ಪ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ. ಅವಳಿಗೆ ಅತ್ತುಬಿಡುವಷ್ಟು ರೇಗಿತ್ತು, ಅವನ ಮೇಲೂ, ತನ್ನ ಮೇಲೂ.

ಪಂದ್ಯ ಮುಗಿದ ಮೇಲೆ ಬೂಟುಗಳನ್ನು ಒಣಗಿಸುವ ಅಟ್ಟಣೆಯ ಮೇಲೆ ಜೋಡಿಸಿಡುವುದೂ ತಾಸ್ಯಾಳ ಕೆಲಸ. ಹೊರಮೈ ಎದುರಿಗೆ ಕಾಣುವಂತೆ ಇಡಬೇಕೆಂದು ಅಪ್ಪ ಕಲಿಸಿದ್ದ. ಬಿರುಕು, ಸವೆತ ಏನಿದ್ದರೂ ಮೊದಲ ನೋಟಕ್ಕೇ ಕಾಣಬೇಕು. ನಾಲ್ಕನೆಯ ಪಂದ್ಯದ ನಂತರ ಅವಳು ಜಾರೊವ್‌ನ ಬಲಗಾಲಿನ ಬೂಟನ್ನು ಮಾತ್ರ ಗೋಡೆ ಕಡೆ ತಿರುಗಿಸಿಟ್ಟಳು. ಐದನೆಯದರ ನಂತರವೂ ಹಾಗೇ ಮಾಡಿದಳು.

ಪ್ರತಿ ಸಲ ಸಾಣೆಗೆ ಬಂದಾಗ ಎಡ ಅಲಗು ಸವೆದು ಹೋಗಿರುತ್ತಿತ್ತು, ಬಲ ಅಲಗು ಹೊಸದರ ಹಾಗೆ ಹೊಳೆಯುತ್ತಿತ್ತು. ಅಂದರೆ ಆತ ಆ ಕಾಲನ್ನು ಊರುತ್ತಲೇ ಇಲ್ಲ! ಅವಳು ಒಮ್ಮೆ ತಂಡದ ಡಾಕ್ಟರ್ ವೆನಿಯಾಮಿನ್ ಇಲಿಚ್ ಅವರ ಕೋಣೆಯವರೆಗೂ ಹೋದಳು. ಬಾಗಿಲು ತಟ್ಟಲು ಕೈ ಎತ್ತಿದಳು. 'ಹೇಳಿದರೆ ಅವನ ಹದಿನೇಳು ವರ್ಷ ಹೋಯಿತು. ಹೇಳದಿದ್ದರೆ ಕಾಲು ಹೋಯಿತು...' ಎತ್ತಿದ ಕೈಯನ್ನು ಇಳಿಸಿ ವಾಪಸು ಬಂದಳು.

ಆರು ಪಂದ್ಯ ಮುಗಿದಾಗ ಎರಡೂ ಕಡೆ ಮೂರು ಮೂರು ಗೆಲುವು. ಏಳನೆಯ ಪಂದ್ಯ ರುದ್ಯಾನ್ಸ್ಕ್‌ನಲ್ಲೇ.

ಆ ದಿನ ಬೆಳಿಗ್ಗೆ ಡಾಕ್ಟರ್ ಜಾರೊವ್‌ನನ್ನು ಕರೆಸಿ, ಕಾಲುಚೀಲ ಬಿಚ್ಚಿಸಿದರು. ಮಧ್ಯಾಹ್ನದ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.

ಆತ ಬೂಟು ಹಿಡಿದುಕೊಂಡು ಸಾಣೆ ಕೋಣೆಯ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

"ಗೊತ್ತಿದ್ದಿದ್ದು ನಿಮಗೊಬ್ಬರಿಗೇ, ತೈಸಿಯಾ ಗ್ಲೆಬೊವ್ನಾ."

'ನೀನು' ಹೋಗಿ 'ನೀವು' ಬಂದಿತ್ತು. ಪೂರ್ತಿ ಹೆಸರು ಬಂದಿತ್ತು. ನಾನು ಹೇಳಲಿಲ್ಲ ಎನ್ನಬಹುದಿತ್ತು, ಅದು ನಿಜವೂ ಆಗಿತ್ತು. ಆದರೆ ಆ ಬಾಗಿಲವರೆಗೆ ಹೋಗಿ ಬಂದವಳು ಯಾವ ಬಾಯಲ್ಲಿ ಹೇಳಬೇಕು?

ಅವಳ ಮೌನವನ್ನೇ ಆತ ಉತ್ತರ ಅಂದುಕೊಂಡ. ಬೂಟುಗಳನ್ನು ಹೊಸಿಲ ಮೇಲಿಂದಲೇ ಒಳಗೆ ಎಸೆದು ಹೋದ.

ಲಿತೆಯ್ಷಿಕ್ ಅವತ್ತು ಒಂದೇ ಗೋಲಿನಿಂದ ಸೋತಿತು. ಆ ಗೋಲು ಹೊಕ್ಕಿದ್ದು ಬಲಗಡೆಯಿಂದ, ಜಾರೊವ್ ನಿಲ್ಲುತ್ತಿದ್ದ ಜಾಗದಿಂದ.

ಮರುವಾರ ಪ್ರಾಂತ್ಯದ ಆಸ್ಪತ್ರೆಯಲ್ಲಿ ಅವನ ಕಾಲಿಗೆ ಶಸ್ತ್ರಚಿಕಿತ್ಸೆಯಾಯಿತೆಂದು ಯಾರೋ ಹೇಳಿದರು. ತಾಸ್ಯಾ ಫೋನಿನಲ್ಲಿ ಸಂದೇಶ ಬರೆದಳು, ಅಳಿಸಿದಳು. 'ಕಾಲು ಹೇಗಿದೆ?' ಎಂದು ಬರೆದಳು, ಅಳಿಸಿದಳು. ಅವನ ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕಿ ಬೆಳಗುತ್ತಿತ್ತು, ಆರುತ್ತಿತ್ತು. ಏಪ್ರಿಲ್ ಪೂರ್ತಿ ಹೀಗೇ ಹೋಯಿತು. ಕೇಳದೆಯೇ ತೀರ್ಪು ಕೊಟ್ಟ ಮನುಷ್ಯನಿಗಾಗಿ ಆ ಚುಕ್ಕಿ ನೋಡುತ್ತಾ ಕೂರುವುದು ನಾಚಿಕೆಗೇಡು ಎನಿಸುತ್ತಿತ್ತು. ಆದರೂ ನೋಡುತ್ತಿದ್ದಳು. ಬೇರೆ ಕೆಲಸವಿಲ್ಲದಾಗ ಅವನ ಬೂಟು ಕಾಯಿಸಿ, ಆ ಗುಬುಟನ್ನು ದಿನಕ್ಕಿಷ್ಟರಂತೆ ಒಳಗೆ ಒತ್ತುತ್ತಿದ್ದಳು. ಮೈ ಸಮವಾಯಿತು, ಸುಕ್ಕಿನ ಗುರುತು ಮಾತ್ರ ಉಳಿಯಿತು.

ಮೇ ತಿಂಗಳಲ್ಲಿ ಅಂಕಣದ ಮಂಜು ಕರಗಿಸಿದರು. ಬೋಳು ಕಾಂಕ್ರೀಟಿನ ಮೇಲೆ ಊರುಗೋಲಿನ ಸದ್ದು ಕೇಳಿಸಿತು. ಟಕ್... ಟಕ್...

ಆತ ಬಾಗಿಲಾಚೆ ನಿಂತ. ಗಡ್ಡ ತೆಗೆದ ಮುಖ ಸಣ್ಣದಾಗಿ ಕಂಡಿತು. ಕೈಯಲ್ಲಿ ಏಳು ಹಳದಿ ಟ್ಯುಲಿಪ್.

"ನಿನ್ನೆ ಕಾಲು ನೋಡೋಕೆ ವೆನಿಯಾಮಿನ್ ಇಲಿಚ್ ಬಂದಿದ್ರು," ಎಂದ. "ಅಟ್ಟಣೆ ಮೇಲಿದ್ದ ಬೂಟಿನ ಗುಬುಟು ನೋಡಿ ಅವರಿಗೆ ಗೊತ್ತಾಯ್ತಂತೆ. 'ಆ ಹುಡುಗಿ ನನ್ನ ಹತ್ರ ಒಂದು ಮಾತೂ ಆಡಿಲ್ಲ ಕಣೋ ಮೂರ್ಖ' ಅಂದ್ರು. ನೀನು ಹೇಳಿರಲಿಲ್ಲ. ತಪ್ಪಾಯ್ತು."

ಎರಡು ತಿಂಗಳಿನಿಂದ ಕಾದಿದ್ದ ಮಾತು. ಆದರೆ ಕೇಳಿದ ಕೂಡಲೇ ಅವಳ ಮೈ ಉರಿಯಿತು.

"ಅದಕ್ಕಾ ಕ್ಷಮೆ? ನಾನು ಹೇಳಲಿಲ್ಲ ಅಂತಾನಾ? ಹೇಳಬೇಕಿತ್ತು ಜಾರೊವ್! ಮೊದಲ ದಿನವೇ ಹೇಳಬೇಕಿತ್ತು. ಮುರಿದ ಕಾಲಿಗೆ ನನ್ನ ಕೈಯಾರೆ ಬೂಟು ಹಿಗ್ಗಿಸಿ ಕೊಟ್ಟೆ. ಆಗ ನಾನು ಮಾಡದ ತಪ್ಪಿಗೆ ಸಿಟ್ಟಾದೆ, ಈಗ ಮಾಡಿದ ತಪ್ಪು ನಿನಗೆ ಕಾಣ್ತಾನೇ ಇಲ್ಲ."

ಆತ ಹೂ ಹಿಡಿದ ಕೈ ಇಳಿಸಿದ.

"ಇನ್ನೊಂದು ಕೇಳು," ಅವಳ ದನಿ ಕುಗ್ಗಿತು. "ಎರಡು ಸಲ ಬೂಟನ್ನ ಗೋಡೆ ಕಡೆ ತಿರುಗಿಸಿಟ್ಟಿದ್ದೆ. ಆರನೇ ಆಟ ಆದಮೇಲೆ ತಿರುಗಿಸಲಿಲ್ಲ. ಮರೆತಿದ್ದೋ... ಬೇಕು ಅಂತಲೇ ಬಿಟ್ಟಿದ್ದೋ... ಎಷ್ಟು ಸಲ ಯೋಚನೆ ಮಾಡಿದರೂ ಗೊತ್ತಾಗಲ್ಲ. ನಿನ್ನ ಫೈನಲ್ ಕಿತ್ತುಕೊಂಡಿದ್ದು ನಾನೇ ಇರಬಹುದು. ಈಗ ಹೂ ತಗೊಂಡು ಹೋಗು."

ಜಾರೊವ್ ಊರುಗೋಲನ್ನು ಗೋಡೆಗೆ ಒರಗಿಸಿದ.

"ಇನ್ನೊಂದು ಪೆಟ್ಟು ಬಿದ್ದಿದ್ರೆ ಕಾಲು ಜೋಡಿಸೋಕೆ ಏನೂ ಉಳೀತಿರಲಿಲ್ಲ ಅಂದ್ರು ಆಸ್ಪತ್ರೇಲಿ," ಎಂದ. "ಪಕ್ ಎಲ್ಲಿಂದ ಬಂದ್ರೂ ಮೈ ಒಡ್ಡಿದವನು ನಾನು. ನಿನ್ನನ್ನ ಒಂದು ಮಾತು ಕೇಳೋಕೆ ಹೆದರಿ ಓಡಿಹೋದೆ. ನೀನು ಹೇಳಿದೀಯ ಅಂತ ಅಲ್ಲ ಸಿಟ್ಟು ಬಂದಿದ್ದು. ಕಾಲುಚೀಲ ಬಿಚ್ಚಿ ತೋರಿಸಿದಾಗ ಒಳಗೊಳಗೇ ಸಮಾಧಾನ ಆಯ್ತು ನೋಡು, ಅದಕ್ಕೆ. ಅದನ್ನ ನನ್ನ ಮೇಲೆ ಹಾಕಿಕೊಳ್ಳೋಕಾಗದೆ ನಿನ್ನ ಮೇಲೆ ಹಾಕಿದೆ."

ತಾಸ್ಯಾ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಳು. ಕೈಗೆ ಅಂಟಿದ್ದ ಸಾಣೆಯ ಪುಡಿ ಕೆನ್ನೆಗೆ ಹತ್ತಿತು.

"ಬೂಟು ಬೇಕಾ?"

"ಕಾಲು ವಾಸಿಯಾದಮೇಲೆ ಬಾ ಅಂತ ಪೂರ್ವದ ಕಡೆಯ ಒಂದು ತಂಡದವರು ಕೇಳ್ತಿದ್ದಾರೆ. ಇನ್ನೂ ಏನೂ ಹೇಳಿಲ್ಲ. ನಿನ್ನ ಕೇಳದೆ ಹೇಳಲ್ಲ." ಆತ ಹೂವನ್ನು ಬಾಗಿಲಾಚೆಯಿಂದಲೇ ಚಾಚಿದ, ತಟ್ಟನೆ ನೆನಪಾಗಿ ಕೈ ಹಿಂದೆಳೆದುಕೊಂಡ.

"ಒಳಗೆ ಬರಲಾ, ತಾಸ್ಯಾ?"

ಎಂಟು ತಿಂಗಳಲ್ಲಿ ಮೊದಲ ಸಲ ಅವನ ಬಾಯಲ್ಲಿ ಆ ಹೆಸರು.

"ಊರುಗೋಲು ಇಲ್ಲದೆ ಬರೋಕಾಗುತ್ತಾ?"

"ಮೂರು ಹೆಜ್ಜೆ ಆಗುತ್ತೆ."

"ಮೂರೇ ಇರೋದು. ಬಾ, ರೋದ್ಯಾ."

ಆತ ಬಲಗಾಲನ್ನು ನಿಧಾನವಾಗಿ ಎತ್ತಿ ಹೊಸಿಲ ಒಳಗೆ ಇಟ್ಟ. ಅವಳು ಹೂ ತೆಗೆದುಕೊಳ್ಳುವ ಮೊದಲು ಅವನ ತೋಳು ಹಿಡಿದುಕೊಂಡಳು.

ಪೂರ್ವದ ತಂಡಕ್ಕೆ ಆತ ಏನು ಉತ್ತರ ಕೊಟ್ಟ ಎಂಬುದು ನನಗೆ ಗೊತ್ತಿಲ್ಲ. ಬೇಸಿಗೆ ಮುಗಿಯುವ ಮೊದಲೇ ಇಬ್ಬರೂ ಊರು ಬಿಟ್ಟರು, ಸಾಣೆ ಕೋಣೆಗೆ ಬೇರೆಯವರು ಬಂದರು. ಆ ಬೂಟನ್ನು ಗೋಡೆ ಕಡೆ ತಿರುಗಿಸಲು ತಾಸ್ಯಾ ಮರೆತಳೋ, ಬೇಕೆಂದೇ ಬಿಟ್ಟಳೋ, ಅದೂ ಗೊತ್ತಿಲ್ಲ. ಹೊರಡುವ ದಿನ ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ.