ಮೂಲೆಯ ಕಂಬ

ತಮ್ಮ ಸೂರ್ಯ ಸತ್ತದ್ದಕ್ಕಿಂತ, ಅಮ್ಮ ಅವನ ಫೋಟೋವನ್ನು ಗೋಡೆಯಿಂದ ಇಳಿಸಿಟ್ಟದ್ದು ಸುಗತನನ್ನು ಹೆಚ್ಚು ಕೊರೆಯುತ್ತಿತ್ತು. ಸೂರ್ಯ ಕೆ.ಆರ್. ಪುರದ ಕಟ್ಟಡವೊಂದರಲ್ಲಿ ವೆಲ್ಡಿಂಗ್ ಮಾಡುತ್ತಿದ್ದಾಗ ಮೇಲಿನಿಂದ ಬಿದ್ದಿದ್ದ. ಸೇಫ್ಟಿ ಬೆಲ್ಟ್ ಕೇಳಿದವನನ್ನು ಗದರಿಸಿ ಹಾಗೆಯೇ ಹತ್ತಿಸಿದವನು ಎಂಜಿನಿಯರ್ ಮಧುಕರ್. ಅವನೇ ಲಿಂಗರಾಜಪುರದ ಮನೆಗೆ ಬಂದು, ಅಮ್ಮ ಗೋವಿಂದಮ್ಮನ ಎದುರು ಕೂತು, "ಏನ್ಮಾಡೋದಮ್ಮ, ಕುಡ್ದು ಹತ್ಬಿಟ್ಟ" ಎಂದ. ಗಂಡನನ್ನು ಹೆಂಡಕ್ಕೆ ಕಳೆದುಕೊಂಡವಳು, ಕೇಳಿದ ಕೂಡಲೇ ನಂಬಿ ಫೋಟೋ ಇಳಿಸಿದಳು.

"ಇಲ್ಲಮ್ಮ, ಅವ್ನು ಮುಟ್ತಾನೇ ಇರ್ಲಿಲ್ಲ."

"ನಿಮ್ಮಪ್ಪನೂ ಹಂಗೇ ಅಂತಿದ್ದ."

ಹೇಳಿ ಹೇಳಿ ಸುಗತ ಸೋತ. ಸಿಟ್ಟು ಎಂದೋ ಆರಿಹೋಗಿ ಸುಸ್ತೊಂದೇ ಉಳಿದಿತ್ತು. ದೊಮ್ಮಲೂರಿನ ಹೊಸ ಕಟ್ಟಡದಲ್ಲಿ ಅದೇ ಮಧುಕರನ ಕೈಕೆಳಗೆ ಸೂಪರ್‌ವೈಸರ್ ಆಗಿ ದುಡಿಯುತ್ತ, ಆ ಸುಸ್ತಿನಲ್ಲೇ ಲೆಕ್ಕ ಹಾಕಿದ. ಇಲ್ಲಿನ ಕಂಬಗಳು ಮನುಷ್ಯ ಇಳಿಯುವಷ್ಟು ಅಗಲದ ಉಕ್ಕಿನ ಕೊಳವೆಗಳು. ನಿಲ್ಲಿಸಿ ಮೇಲಿನಿಂದ ಕಾಂಕ್ರೀಟ್ ತುಂಬಿದರೆ ಮುಗಿಯಿತು. ಬಿಚ್ಚಲು ಹಲಗೆಗಳಿಲ್ಲ, ಒಳಗೆ ಇಣುಕುವವರಿಲ್ಲ. ಇಡೀ ಕಟ್ಟಡವನ್ನು ಹೊತ್ತ ಕಂಬವನ್ನು ಕೊಯ್ದು ನೋಡುವ ಧೈರ್ಯ ಯಾರಿಗಿದೆ?

ಭಾನುವಾರ ಮಧ್ಯಾಹ್ನ ಆಳುಗಳೆಲ್ಲ ಊಟಕ್ಕೆ ಹೋಗಿದ್ದರು. "ಸಾರ್, ಮೂಲೆ ಕಂಬದೊಳಗೆ ನೀರು ನಿಂತಂಗಿದೆ. ಒಂಚೂರು ನೋಡ್ತೀರಾ?" ಎಂದ ಸುಗತ. ಮಧುಕರ್ ಅಟ್ಟಣಿಗೆ ಹತ್ತಿ ಕಂಬದ ಬಾಯಿಗೆ ಬಗ್ಗಿದ. ಸಲಾಕೆಯಿಂದ ಒಂದೇ ಏಟು. ಸುಗತ ಅವನ ನೀಲಿ ಗೆರೆಯ ಅಂಗಿಯ ಜೇಬಿನಿಂದ ಮೊಬೈಲು, ಬೈಕಿನ ಕೀ ತೆಗೆದುಕೊಂಡು, ಅವನ ಕಾಲೆತ್ತಿ ಕೊಳವೆಯೊಳಗೆ ಬಿಟ್ಟ. ಅಂದುಕೊಂಡಿದ್ದ ಸಮಾಧಾನ ಬರಲಿಲ್ಲ. ತೋಳು ನೋಯುತ್ತಿತ್ತು, ಅಷ್ಟೇ. ಕಾಂಕ್ರೀಟ್ ಲಾರಿ ಬಂದಾಗ ಪಂಪಿನ ಅಬ್ರಾರ್ ಕೆಳಗಿನಿಂದ, "ಬಿಡ್ಲಾ ಅಣ್ಣಾ?" ಎಂದು ಕೂಗಿದ.

"ಬಿಡು."

ಪೈಪನ್ನು ಸುಗತನೇ ಹಿಡಿದ.

ಸಂಜೆ ಹೆಲ್ಮೆಟ್ ತೆಗೆಯದೆ ಮಧುಕರನ ಬೈಕನ್ನು ಹಲಸೂರು ಮೆಟ್ರೊ ಬಳಿ ಬಿಟ್ಟು, ಮೊಬೈಲನ್ನು ಕೋಲಾರದ ಬಸ್ಸಿನ ಸೀಟಿನಡಿ ತುರುಕಿದ. ಪೊಲೀಸರು ಸೈಟಿಗೆ ಬಂದು ನಾಲ್ಕು ಮಾತು ಕೇಳಿ, ಮೊಬೈಲಿನ ಜಾಡು ಹಿಡಿದು ಕೋಲಾರದ ಕಡೆ ಹುಡುಕಲು ಹೋದರು. ಸುಗತನಿಗೆ ಎಷ್ಟೋ ಕಾಲದ ಮೇಲೆ ಕಣ್ತುಂಬ ನಿದ್ದೆ ಬಂತು.

ಮುಂದಿನ ವಾರ, ಮಧುಕರನ ಜಾಗಕ್ಕೆ ಬಂದ ಬೃಂದಾ ಕಂಬಗಳಿಗೆ ಬಣ್ಣ ಬಳಿಸುವ ಮೊದಲು ಒಂದೊಂದರ ಬುಡದಲ್ಲೂ ಕೂತು ಏಳುತ್ತಿದ್ದಳು. ಬೆಂಕಿ ಬಿದ್ದಾಗ ಕಾಂಕ್ರೀಟಿನ ತೇವ ಹಬೆಯಾಗಿ ಹೊರಹೋಗದಿದ್ದರೆ ಕಂಬ ಸಿಡಿಯುತ್ತದೆ. ಅದಕ್ಕೆಂದು ಬುಡದಲ್ಲೊಂದು, ತಲೆಯಲ್ಲೊಂದು ಬೆರಳಗಲದ ತೂತು ಕೊರೆದು, ಕಾಂಕ್ರೀಟ್ ಸೋರದಂತೆ ಟೇಪ್ ಅಂಟಿಸಿರುತ್ತಾರೆ. ಮೂಲೆಯ ಕಂಬಕ್ಕೂ ಕೊರೆದವನು ಸುಗತನೇ. ಆ ಭಾನುವಾರ ಬೆಳಿಗ್ಗೆ, ತಲೆ ತುಂಬ ಕೊಲೆಯೇ ಇದ್ದಾಗ, ವರ್ಷಗಳಿಂದ ಮಾಡಿದ ಕೆಲಸವನ್ನು ಕೈ ತನ್ನಷ್ಟಕ್ಕೆ ಮಾಡಿ ಮುಗಿಸಿತ್ತು. ಬೃಂದಾ ಟೇಪ್ ಕಿತ್ತಳು. ಉಳಿದ ಕಂಬಗಳ ತೂತಿನಲ್ಲೆಲ್ಲ ಬೂದು ಕಾಂಕ್ರೀಟ್ ಕಂಡಿತ್ತು. ಇಲ್ಲಿ ನೀಲಿ ಗೆರೆಯ ಬಟ್ಟೆಯ ಮಡಿಕೆಯೊಂದು ಒತ್ತಿಕೊಂಡಿತ್ತು, ಅದರ ಸುತ್ತ ಇರುವೆ. "ಸುಗತ, ಸ್ವಲ್ಪ ಬನ್ನಿ ಇಲ್ಲಿ," ಎಂದು ಮೊಬೈಲಿನ ಟಾರ್ಚ್ ಹಾಕಿದಳು. "ಇದನ್ನ ಕೊರೆದೋರು ಯಾರ್ರೀ?"