ನಾಲ್ಕು ಗಂಟೆಯ ನೀರು

ಬಿಳಿ ಕಾರಿನ ಪಕ್ಕ ಹೊಟ್ಟೆಯ ಮೇಲೆ ಮಲಗಿ ಚಿಗರೆ ಅದರಡಿಗೆ ಕೈ ಚಾಚಿದ್ದಳು. ಚೆಂಡು ಬೆರಳಿಗೆ ತಗಲುತ್ತಿತ್ತು, ಹಿಡಿತಕ್ಕೆ ಸಿಗುತ್ತಿರಲಿಲ್ಲ.

"ಏಯ್, ಕಾರಿಗೆ ಗೀರು ಬಿದ್ರೆ ನೋಡ್ಕೋ ಮತ್ತೆ," ಎಂದ ಎದುರಿನ ಹೋಟೆಲಿನ ಮ್ಯಾನೇಜರ್.

ಓಟದಲ್ಲಿ ಅವಳನ್ನು ಮೀರಿಸುವವರಿಲ್ಲವೆಂದೇ ಗೆಳತಿಯರು ಚಿಗರೆ ಎಂದು ಕರೆಯುತ್ತಿದ್ದದ್ದು. ಈಗ ಓಡುವುದಾದರೂ ಎಲ್ಲಿ? ಬೀದಿಗೆಲ್ಲ ಇದ್ದದ್ದು ಅಂಗೈಯಗಲದ ಈ ಪಾರ್ಕು ಒಂದೇ. ಹೋಟೆಲಿಗೆ ಬರುವವರ ಕಾರು ಮೊದಲು ಒಂದು ಒಳಗೆ ಬಂತು, ಆಮೇಲೆ ಮೂರು. ಈಗ ಸಂಜೆಯಾದರೆ ಹನ್ನೆರಡು. ಬೆರಳು ತೋರಿಸಿದರೆ ಹಸ್ತ ನುಂಗಿದ ಹಾಗಾಗಿತ್ತು. ಹುಲ್ಲು ಸತ್ತು ನೆಲ ಹಲಗೆಯಂತಾಗಿತ್ತು.

ಮೂಲೆಯಲ್ಲಿ ಮಾಲಿತಾತ ಒಣಗಿದ ಪೈಪಿನ ಸುರುಳಿಯ ಪಕ್ಕ ಮುದುರಿ ಕೂತಿದ್ದ. ಸೋಮಾರಿ ಮುದುಕ ಎಂದು ಚಿಗರೆಗೆ ಒಳಗೊಳಗೇ ಸಿಟ್ಟು. ನೀರು ಯಾಕೆ ಬಿಡುವುದಿಲ್ಲವೆಂದು ಆ ದಿನ ಕೇಳಿಯೇ ಬಿಟ್ಟಳು.

ಕಾರಿಗೆ ಕೆಸರು ಮೆತ್ತುತ್ತದೆ, ಪೈಪು ಮುಟ್ಟಬೇಡ ಎಂದು ಮ್ಯಾನೇಜರ್ ಗದರಿಸಿದ್ದನಂತೆ.

"ನಿಮ್ಮ ಕಾರ್ಪೊರೇಷನ್ ಆಫೀಸ್‌ನೋರು ಏನಂದಿದಾರೆ ತಾತ?"

"ದಿನಾ ನಾಲ್ಕು ಗಂಟೆಗೆ ನೀರು ಬಿಡು ಅಂತ."

"ಮತ್ತೆ ಮ್ಯಾನೇಜರ್ ಅಂಕಲ್ ನಿಮ್ಮ ಸಾಹೇಬ್ರಾ?"

ತಾತ ಅಲ್ಲವೆಂದು ತಲೆಯಾಡಿಸಿ ಪೈಪಿನ ಧೂಳು ಕೊಡವಿದ.

ಮರುದಿನ ಶಾಲೆ ಬಿಟ್ಟವಳೇ ಬ್ಯಾಗು ಕೂಡ ಇಳಿಸದೆ ಗೆಳತಿಯರನ್ನು ಕಟ್ಟಿಕೊಂಡು ಬಂದಳು. ಕಾರುಗಳಿನ್ನೂ ಬಂದಿರಲಿಲ್ಲ. ತಾತ ಮಕ್ಕಳನ್ನೊಮ್ಮೆ, ಕೈಗಡಿಯಾರವನ್ನೊಮ್ಮೆ ನೋಡಿ ನಲ್ಲಿ ತಿರುಗಿಸಿದ. ಹುಡುಗಿಯರು ಪೈಪು ಎಳೆದರು. ಐದರ ಹೊತ್ತಿಗೆ ನೆಲ ಕೆಸರುಗದ್ದೆ.

ತೊಳೆದು ಒರೆಸಿದ ಕಾರುಗಳು ಒಂದೊಂದಾಗಿ ಗೇಟಿಗೆ ಬಂದವು. ನೀರು ಕಂಡ ಬೆಕ್ಕಿನಂತೆ ಹಿಂದೆ ಸರಿದವು. ಕೆಂಪು ಕಾರೊಂದು ಹಟಕ್ಕೆ ನುಗ್ಗಿ ಹೂತುಕೊಂಡಿತು. ಅದನ್ನು ಹೊರಕ್ಕೆ ತಳ್ಳಿದವರೂ ಹುಡುಗಿಯರೇ. ಮೂಗಿನ ತನಕ ಕೆಸರು, ಕಿವಿಯ ತನಕ ನಗು.

ಮ್ಯಾನೇಜರ್ ಓಡಿ ಬಂದು ನಲ್ಲಿ ನಿಲ್ಲಿಸು ಎಂದ.

ತಾತ ಪೈಪನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ. "ಆಗಲ್ಲ ಸಾರ್, ಇದು ನನ್ನ ಡ್ಯೂಟಿ. ಬೇಕಿದ್ರೆ ಆಫೀಸ್‌ಗೆ ಫೋನ್ ಮಾಡಿ."

ಮ್ಯಾನೇಜರ್ ಫೋನು ತೆಗೆದ. ಪಾರ್ಕಿನ ಹುಲ್ಲಿಗೆ ನೀರು ಬಿಡುತ್ತಿದ್ದಾರೆ ಎಂದು ಯಾರ ಹತ್ತಿರ ದೂರುವುದು? ಫೋನು ಜೇಬಿಗಿಳಿಸಿ ಬಂದ ದಾರಿ ಹಿಡಿದ.

ತಾತ ಒಂದು ದಿನವೂ ತಪ್ಪಿಸಲಿಲ್ಲ. ಕಾರುಗಳು ದಾರಿ ಮರೆತವು. ಕೆಲವು ವಾರಗಳಲ್ಲಿ ಹುಲ್ಲು ತಲೆಯೆತ್ತಿತು.

ಒಂದು ಸಂಜೆ ಚಿಗರೆ ಗೇಟಿನಿಂದ ಆಚೆ ಗೋಡೆಯವರೆಗೆ ಎಲ್ಲೂ ಬಳಸದೆ, ನೇರ ಓಡಿದಳು. ಗೋಡೆ ಮುಟ್ಟಿ ತಿರುಗಿದರೆ, ತಾತ ಚಪ್ಪಲಿ ಬದಿಗಿಟ್ಟು ಹುಲ್ಲಿನ ಮೇಲೆ ಬರಿಗಾಲಲ್ಲಿ ಮೆಲ್ಲಗೆ ನಡೆಯುತ್ತಿದ್ದ.

ಪಾರ್ಕು ಕೈತಪ್ಪಿ ಹೋದದ್ದು ಆಡುವ ಮಕ್ಕಳಿಗೆ ಮಾತ್ರ ಎಂದು ಇಷ್ಟು ದಿನ ಅಂದುಕೊಂಡಿದ್ದಳು ಚಿಗರೆ.

ಶೂ ಬಿಚ್ಚಿ ಕೈಲಿ ಹಿಡಿದು, ಓಡದೆ, ತಾತನ ಕಡೆಗೆ ನಡೆದಳು.